ಚಾಡಿ ಬೇರೆ, ದೂರು ಬೇರೆ

ವಾರ್ಷಿಕ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲದ ವಿದ್ಯಾರ್ಥಿಗಳು ಕೇಳಿದಾಗ, ಕನ್ನಡ ವ್ಯಾಕರಣವನ್ನು ಕುರಿತೋ ನಮ್ಮ ವಿಜಾಪುರದ ಗೋಳಗುಮ್ಮಟವನ್ನು ಕುರಿತೋ ನಾಲ್ಕು ಪುಟ ಬರೆದುಕೊಡೋಣವೆಂದು ನಾನು ಎಣಿಸಿದ್ದೆನು. ಅಂಥ ಲೇಖನವನ್ನು ಬರೆಯುವುದು ಸುಲಭ, ಓದುವವರಿಗೂ ತೊಂದರೆಯಿಲ್ಲ. ಆದರೆ ಕೆಲವು ವರ್ಷಗಳಿಂದ ಒಂದು ಪ್ರಶ್ನೆ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಟ್ಟಿದೆ. ಅದನ್ನು ಕೇಳಿದವಳು ನಮ್ಮಲ್ಲಿ ಓದುತ್ತಿದ್ದ ಒಬ್ಬ ಹುಡುಗಿ. ಆ ಪ್ರಶ್ನೆಗೆ ಅಂದು ನಾನು ಅವಸರದಲ್ಲಿ ಉತ್ತರ ಕೊಟ್ಟಿದ್ದೆನು. ಈಗ ಸಾವಧಾನವಾಗಿ, ನಿಮ್ಮೆಲ್ಲರ ಮುಂದೆ ಕೊಡಬೇಕೆನಿಸಿದೆ.

ಮೊದಲು ಪ್ರಸಂಗವನ್ನು ಹೇಳುತ್ತೇನೆ. ಇದರಲ್ಲಿ ಬರುವ ಮಕ್ಕಳ ಹೆಸರು, ತರಗತಿ, ವಸತಿಗಳನ್ನು ಬೇಕೆಂದೇ ಹೇಳುವುದಿಲ್ಲ; ಕೆಲವು ವಿವರಗಳನ್ನು ಬದಲಿಸಿಯೂ ಇದ್ದೇನೆ. ಯಾರಿರಬಹುದೆಂದು ಊಹಿಸುವ ಆಟವನ್ನು ದಯಮಾಡಿ ಆಡಬೇಡಿರಿ.

ಹುಡುಗನ ತಂದೆತಾಯಿ ಕಟ್ಟಡದ ಕೆಲಸದವರು. ವಿಜಾಪುರ, ಕಲಬುರ್ಗಿ, ಯಾದಗಿರಿಗಳ ಕಡೆಯಿಂದ ಮುಂಬಯಿಗೆ ಬಂದ ಎಷ್ಟೋ ಕುಟುಂಬಗಳಂತೆ ಅವರೂ ಬೆಳಗಾಗುತ್ತಲೇ ನಾಕಾಕ್ಕೆ ಹೋಗಿ ನಿಂತು, ಕರೆದವರ ಹಿಂದೆ ಕೂಲಿಗೆ ಹೋಗುವವರು. ಕೆಲಸವು ದೂರದ ಪನವೇಲಿಗೆ ಸಾಗಿದಾಗ, ಮಗನ ಓದು ಕೆಡಬಾರದೆಂದು ಅವನನ್ನು ಸಂಬಂಧದಲ್ಲಿ ಕಾಕಾ ಆಗಬೇಕಾದವನೊಬ್ಬನ ಖೋಲಿಯಲ್ಲಿ ಬಿಟ್ಟುಹೋದರು. ಹುಡುಗ ಲೆಕ್ಕದಲ್ಲಿ ಬಲು ಚುರುಕು. ಆದರೆ ದೀಪಾವಳಿಯ ಸೂಟಿ ಮುಗಿಸಿ ಬಂದ ಮೇಲೆ ಅವನು ಬೇರೆಯೇ ಆಗಿದ್ದನು. ಪಾಠದ ವೇಳೆಗೆ ತೂಕಡಿಸುವನು. ಮಧ್ಯಾಹ್ನದ ಊಟಕ್ಕೆ ಎರಡು ಸಲ ತಟ್ಟೆ ಒಡ್ಡುವನು. ಮಾರ್ಚ್ ತಿಂಗಳ ಸೆಕೆಯಲ್ಲಿಯೂ ಉದ್ದ ತೋಳಿನ ಅಂಗಿ ತೊಡುವನು. ಒಂದು ದಿನ ಫಲಕದ ಮೇಲೆ ಲೆಕ್ಕ ಬಿಡಿಸಲು ಅವನು ಕೈಯೆತ್ತಿದಾಗ ತೋಳು ಸರಿದು ಮೊಣಕೈಯ ಕೆಳಗೆ ಬಾಸುಂಡೆ ಕಂಡಿತು. ಏನಪ್ಪಾ ಇದು ಎಂದು ಕೇಳಿದೆನು. "ಮೆಟ್ಟಲದಾಗ ಬಿದ್ದೇನ್ರಿ, ಗುರುಗಳ" ಎಂದನು. ನಾನು ನಂಬಿದೆನು. ಸತ್ಯ ಹೇಳಬೇಕೆಂದರೆ, ನಂಬುವುದು ನನಗೆ ಅನುಕೂಲವಾಗಿತ್ತು.

ಅಷ್ಟಕ್ಕೇ ನಿಂತಿದ್ದರೆ ನನ್ನ ತಪ್ಪು ಬರಿಯ ಅಲಕ್ಷ್ಯವೆನಿಸಿಕೊಳ್ಳುತ್ತಿತ್ತು. ನಾನು ಇನ್ನೂ ಒಂದನ್ನು ಮಾಡಿದೆನು. ಅವನ ಪ್ರಗತಿಪತ್ರದಲ್ಲಿ, ಅಭ್ಯಾಸದಲ್ಲಿ ಲಕ್ಷ್ಯವಿಲ್ಲ, ತರಗತಿಯಲ್ಲಿ ನಿದ್ರಿಸುತ್ತಾನೆ, ಪಾಲಕರು ಗಮನಿಸಬೇಕು ಎಂದು ಕೆಂಪು ಮಸಿಯಲ್ಲಿ ಬರೆದು ಸಹಿಗಾಗಿ ಮನೆಗೆ ಕಳುಹಿಸಿದೆನು. ಆ ಪಾಲಕನು ಹೇಗೆ ಗಮನಿಸಿದನೆಂಬುದು ನನಗೆ ತಿಳಿದದ್ದು ಎರಡು ವಾರಗಳಾದ ಮೇಲೆ.

ಶಾಲೆ ಬಿಟ್ಟ ನಂತರ ಒಬ್ಬ ಹುಡುಗಿ ಬಾಗಿಲ ಬಳಿ ಹಿಂದುಳಿದು ನಿಂತಿದ್ದಳು. ಅದೇ ಚಾಳಿನವಳು, ಅವನ ಖೋಲಿಗೂ ಇವಳ ಖೋಲಿಗೂ ನಡುವೆ ಒಂದೇ ಗೋಡೆ. "ಗುರುಗಳ, ಒಂದು ಮಾತ ಹೇಳ್ಲೇನ್ರಿ? ನಮ್ಮವ್ವ ಹೇಳಬ್ಯಾಡ ಅಂದಾಳ್ರಿ. ಇದು ಚಾಡಿ ಆಗತೈತೇನ್ರಿ?" ಎಂದು ಕೇಳಿದಳು. ಆಗುವುದಿಲ್ಲ, ಹೇಳು ಎಂದೆನು. ಅವಳು ಹೇಳಿದಳು. ಕಾಕಾನದು ತಿಂಡಿಯ ಗಾಡಿ. ರಾತ್ರಿ ಹನ್ನೆರಡರವರೆಗೆ ಹುಡುಗ ಪಾತ್ರೆ ತೊಳೆಯಬೇಕು. ತಡವಾದರೆ ಸೊಂಟದ ಪಟ್ಟಿಯಿಂದ ಏಟು. ಕೆಲವು ರಾತ್ರಿ ಊಟವಿಲ್ಲದೆ ಹೊರಗಿನ ಮೊಗಸಾಲೆಯಲ್ಲಿ ಮಲಗುವ ಶಿಕ್ಷೆ. ಪ್ರಗತಿಪತ್ರ ಹೋದ ದಿನ ಏಟುಗಳು ಎಂದಿಗಿಂತ ಹೆಚ್ಚಾಗಿದ್ದವು.

ಆಮೇಲೆ ವಿಚಾರಿಸಿದಾಗ ತಿಳಿದ ಸಂಗತಿಯೇ ಈ ಲೇಖನಕ್ಕೆ ಕಾರಣ. ಹುಡುಗಿಯ ತಾಯಿಗೆ ರಾತ್ರಿಯ ಅಳು ಕೇಳಿಸುತ್ತಿತ್ತು. ಎದುರಿನ ಖೋಲಿಯ ಮರಾಠಿ ಮಾವಶಿಗೆ ಅವನ ಹಸಿವು ಗೊತ್ತಿತ್ತು. ಆ ಪುಣ್ಯವಂತೆ ಕಿಟಕಿಯೊಳಗಿಂದ ಎಷ್ಟೋ ಸಲ ಚಪಾತಿ ಕೊಟ್ಟಿದ್ದಳು. ಬೆಳಗಿನ ಹಾಲು ಹಾಕುವವನು ಅವನು ನೆಲದ ಮೇಲೆ ಮುದುಡಿ ಮಲಗಿದ್ದುದನ್ನು ಕಂಡಿದ್ದನು. ನಾನು ಬಾಸುಂಡೆಯನ್ನು ಕಂಡಿದ್ದೆನು. ಹೀಗೆ ನಾಲ್ವರ ಬಳಿಯೂ ಒಂದೊಂದು ತುಣುಕು ಇತ್ತು. ನಾಲ್ಕನ್ನೂ ಕೂಡಿಸಿ ನೋಡಿದವರು ಯಾರೂ ಇರಲಿಲ್ಲ. ಕೆಟ್ಟವನು ಒಬ್ಬನೇ. ಒಳ್ಳೆಯವರು ನಾಲ್ವರಿದ್ದೆವು. ಆದರೂ ನಾಲ್ಕು ತಿಂಗಳು ಅವನೇ ಗೆದ್ದನು, ಏಕೆಂದರೆ ನಾವು ಬೇರೆಬೇರೆಯಾಗಿ ಒಳ್ಳೆಯವರಾಗಿದ್ದೆವು.

ನಾನು ಅಂದೇ ರಾತ್ರಿ ಹೋಗಿ ಆ ಮನುಷ್ಯನನ್ನು ತರಾಟೆಗೆ ತೆಗೆದುಕೊಳ್ಳುವೆನೆಂದು ಹೊರಟಿದ್ದೆನು. ನಮ್ಮ ಮುಖ್ಯಾಧ್ಯಾಪಿಕೆಯವರು ತಡೆದರು. "ನೀವು ಬಯ್ದು ಹಿಂದಿರುಗಿ ಬರುವಿರಿ. ಬಾಗಿಲು ಹಾಕಿದ ಮೇಲೆ ಒಳಗೆ ಉಳಿಯುವವರು ಯಾರು?" ಎಂದರು. ಈ ಮಾತನ್ನು ನಾನು ಎಂದೂ ಮರೆಯಲಾರೆ. ಅವರು 1098ಕ್ಕೆ ದೂರವಾಣಿ ಮಾಡಿದರು. ಕಾರ್ಯಕರ್ತರಿಬ್ಬರು ಬಂದರು. ಅವರದು ಹಿಂದಿ, ಮರಾಠಿ. ಹುಡುಗನಿಗೆ ಆ ಭಾಷೆಗಳಲ್ಲಿ ಅಂಗಡಿಯ ವ್ಯವಹಾರಕ್ಕೆ ಸಾಕಾಗುವಷ್ಟು ಮಾತು ಉಂಟೇ ಹೊರತು ದುಃಖ ಹೇಳಿಕೊಳ್ಳುವಷ್ಟಿಲ್ಲ. ನಮ್ಮ ಅಧ್ಯಾಪಿಕೆಯೊಬ್ಬರು ಪಕ್ಕದಲ್ಲಿ ಕುಳಿತು ಅವನ ಕನ್ನಡವನ್ನು ಅವರಿಗೆ ತಿಳಿಸಿದರು. ವೈದ್ಯರು ಪರೀಕ್ಷಿಸಿದರು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದ್ದಾಯಿತು. ಮಾವಶಿ ತಾನು ಕಂಡುದನ್ನು ಅಂಜದೆ ಹೇಳಿದಳು. ಪನವೇಲಿಯಿಂದ ಓಡಿ ಬಂದ ತಂದೆ ಮೊದಲು ನಮ್ಮ ಮೇಲೆಯೇ ಸಿಟ್ಟಾಗಿ, ಮನೆಯ ಮಾತನ್ನು ಬೀದಿಗೆ ತಂದಿರಿ ಎಂದನು. ಮಗನ ಬೆನ್ನನ್ನು ನೋಡಿದ ಮೇಲೆ ಗೋಡೆಗೆ ಒರಗಿ ಕುಳಿತುಬಿಟ್ಟನು. ಹುಡುಗ ಈಗ ಊರಿನಲ್ಲಿ ಅಜ್ಜಿಯ ಬಳಿ ಓದುತ್ತಿದ್ದಾನೆ. ಅವನ ವರ್ಗಾವಣೆ ಪತ್ರಕ್ಕೆ ಬೇಕಾದ ಕಾಗದಗಳನ್ನು ನಾನೇ ಬರೆದೆನು. ಈ ಸಲ ಕೆಂಪು ಮಸಿಯನ್ನು ಉಪಯೋಗಿಸಲಿಲ್ಲ.

ಇಂಥದೇ ಪ್ರಸಂಗವೊಂದು ಅಮೇರಿಕದ ನ್ಯೂಯಾರ್ಕ್ ನಗರದಲ್ಲಿ 1874ರಲ್ಲಿ ನಡೆದಿತ್ತು. ಮಕ್ಕಳ ರಕ್ಷಣೆಯ ಇತಿಹಾಸವನ್ನು ಓದುವವರೆಲ್ಲರೂ ಅಲ್ಲಿಂದಲೇ ಆರಂಭಿಸುವುದು ವಾಡಿಕೆ. ನಮ್ಮ ಚಾಳುಗಳಂತಹ ಬಾಡಿಗೆಯ ಕಟ್ಟಡವೊಂದರಲ್ಲಿ ಮೇರಿ ಎಲೆನ್ ವಿಲ್ಸನ್ ಎಂಬ ಹತ್ತು ವರ್ಷದ ಬಾಲಿಕೆಯನ್ನು ಸಾಕುತಾಯಿ ದಿನವೂ ಚರ್ಮದ ಚಾವಟಿಯಿಂದ ಹೊಡೆಯುತ್ತಿದ್ದಳು. ಕತ್ತರಿಯಿಂದ ಮುಖಕ್ಕೆ ಗಾಯವನ್ನೂ ಮಾಡಿದ್ದಳು. ನೆರೆಯವರಿಗೆ ಎಲ್ಲವೂ ಕೇಳಿಸುತ್ತಿತ್ತು. ಅವರು ಬಡವರ ಕೇರಿಗಳಲ್ಲಿ ಸೇವೆ ಮಾಡುತ್ತಿದ್ದ ಎಟ್ಟಾ ವ್ಹೀಲರ್ ಎಂಬ ಮಹಿಳೆಗೆ ತಿಳಿಸಿದರು. ಆಕೆ ಪೊಲೀಸರ ಬಳಿಗೆ ಹೋದಳು, ಧರ್ಮಸಂಸ್ಥೆಗಳ ಬಳಿಗೆ ಹೋದಳು. ಪುರಾವೆ ತನ್ನಿರಿ, ಕಾಯಿದೆಯ ಪ್ರಕಾರ ಮಗುವನ್ನು ತನ್ನಿರಿ ಎಂಬ ಉತ್ತರಗಳೇ ದೊರೆತವು. ಕೊನೆಗೆ ಹೆನ್ರಿ ಬರ್ಗ್ ಎಂಬಾತನ ಬಳಿಗೆ ಹೋದಳು. ಆತನು 1866ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಸಂಸ್ಥೆಯನ್ನು ಸ್ಥಾಪಿಸಿದವನು. ಕುದುರೆಗಳಿಗೆ ಕಾವಲಿದ್ದ ನಗರದಲ್ಲಿ ಮಗುವಿಗೆ ಕಾವಲಿರಲಿಲ್ಲ! ಪ್ರಾಣಿಗಳ ಕಾಯಿದೆಯನ್ನೇ ಮಗುವಿಗೆ ಅನ್ವಯಿಸಿದರೆಂದು ಹಲವರು ಬರೆಯುತ್ತಾರೆ, ಅದು ನಿಜವಲ್ಲ. ಬರ್ಗ್ ಒಬ್ಬ ಸಾಮಾನ್ಯ ನಾಗರಿಕನಾಗಿ ಮುಂದೆ ಬಂದನು. ಎಲ್ಬ್ರಿಜ್ ಗೆರಿ ಎಂಬ ವಕೀಲನು ಮಗುವನ್ನು ನ್ಯಾಯಾಧೀಶರ ಮುಂದೆ ತರಲು ಅಂದಿನ ಕಾನೂನಿನಲ್ಲಿಯೇ ದಾರಿಯೊಂದನ್ನು ಹುಡುಕಿದನು. ಮೈಮೇಲೆ ಸರಿಯಾದ ಬಟ್ಟೆಯಿಲ್ಲದ ಮಗುವನ್ನು ಕಂಬಳಿಯಲ್ಲಿ ಸುತ್ತಿ ತಂದರು. ನೆರೆಯವರು ಸಾಕ್ಷಿ ನುಡಿದರು. ಸಾಕುತಾಯಿಗೆ ಒಂದು ವರ್ಷದ ಸೆರೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಕ್ಕಳ ರಕ್ಷಣೆಗೆಂದೇ ಸಂಸ್ಥೆಯೊಂದು ಅಲ್ಲಿ ಹುಟ್ಟಿತು. ಮೇರಿ ಎಲೆನ್ ಬೆಳೆದು, ಮದುವೆಯಾಗಿ, ಮಗಳೊಬ್ಬಳಿಗೆ ಎಟ್ಟಾ ಎಂದು ಹೆಸರಿಟ್ಟು, 92 ವರ್ಷ ಬಾಳಿ, 1956ರಲ್ಲಿ ತೀರಿಕೊಂಡಳು.

ಎಟ್ಟಾ ಒಬ್ಬಳೇ ಅವಳನ್ನು ಉಳಿಸಿದಳೆಂದು ನಾನು ಹೇಳಲಾರೆ. ಗೋಡೆಯಾಚೆಯ ಅಳುವನ್ನು ಕೇಳಿದ ನೆರೆಯವರು ಅದನ್ನು ಆಡಿ ತೋರಿಸದಿದ್ದರೆ ಎಟ್ಟಾಳಿಗೆ ತಿಳಿಯುತ್ತಿರಲಿಲ್ಲ. ವಕೀಲನಿಲ್ಲದಿದ್ದರೆ ಬರ್ಗನ ಕನಿಕರವು ಕನಿಕರವಾಗಿಯೇ ಉಳಿಯುತ್ತಿತ್ತು.

ನಮ್ಮ ದೇಶದಲ್ಲಿ ಅಂಥ ಕೊಂಡಿಗಳನ್ನು ಬೆಸೆಯುವ ಒಂದು ಕೆಲಸವು ಆರಂಭವಾದುದು ಈ ಮುಂಬಯಿಯಲ್ಲಿಯೇ ಎಂಬುದು ನಿಮಗೆ ತಿಳಿದಿರಲಿ. 1996ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದ ಜೆರೂ ಬಿಲ್ಲಿಮೋರಿಯಾ ಎಂಬ ಮಹಿಳೆ ಬೀದಿಯ ಮಕ್ಕಳ ಸಲುವಾಗಿ ಒಂದು ಉಚಿತ ದೂರವಾಣಿ ಸೇವೆಯನ್ನು ತೊಡಗಿಸಿದರು. ಹತ್ತು, ಒಂಬತ್ತು, ಎಂಟು: ಓದಲು ಬಾರದ ಮಗುವೂ ನೆನಪಿಡಬಹುದಾದ ಸಂಖ್ಯೆ. ಮುಂಬಯಿಯ ಮಕ್ಕಳು ಅದನ್ನು 'ದಸ್ ನೌ ಆಠ್' ಎಂದೇ ಕರೆದರು. ಮುಂದೆ ಅದು ದೇಶದ ತುಂಬ ಹರಡಿತು. 2023ರಿಂದ ಅದನ್ನು ಸರ್ಕಾರದ ಇಲಾಖೆಗಳು ವಹಿಸಿಕೊಂಡಿವೆ. 112 ಎಂಬ ತುರ್ತು ಸಂಖ್ಯೆಯೊಡನೆಯೂ ಅದನ್ನು ಜೋಡಿಸಲಾಗಿದೆ. ಹಗಲು ರಾತ್ರಿಯೆನ್ನದೆ ಯಾರು ಬೇಕಾದರೂ ಮಾತನಾಡಬಹುದು.

ಇನ್ನು ಹಿಂಸೆಯೆಂದರೆ ಬರಿಯ ಏಟು ಮಾತ್ರವಲ್ಲ. ಮೈಯನ್ನು ಮುಟ್ಟಬಾರದ ರೀತಿಯಲ್ಲಿ ಮುಟ್ಟುವುದು, ನೋಡಬಾರದ್ದನ್ನು ತೋರಿಸುವುದು, ಮಾಡಬಾರದ್ದನ್ನು ಮಾಡಿಸಿ ಯಾರಿಗೂ ಹೇಳಬೇಡವೆಂದು ಆಣೆಯಿಡಿಸುವುದು, ಇವೂ ಹಿಂಸೆಯೇ. ಈ ವಿಷಯವನ್ನು ಶಾಲೆಯ ಸಂಚಿಕೆಯಲ್ಲಿ ಬರೆಯಬಾರದೆಂದು ಆಕ್ಷೇಪಿಸುವ ಹಿರಿಯರಿದ್ದಾರೆ. ನನ್ನ ಅಭಿಪ್ರಾಯದಲ್ಲಿ, ಬರೆಯದೆ ಬಿಟ್ಟುದರಿಂದ ಲಾಭವಾದುದು ತಪ್ಪಿತಸ್ಥರಿಗೆ ಮಾತ್ರ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿದ್ದರು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಗೆ ಗುರಿಯಾಗಿದ್ದರು. ಶೇಕಡಾ 53ರಷ್ಟು ಮಕ್ಕಳು ಒಂದಲ್ಲ ಒಂದು ವಿಧದ ಲೈಂಗಿಕ ಕಿರುಕುಳವನ್ನು ಅನುಭವಿಸಿದ್ದರು. ಅವರಲ್ಲಿ ಹುಡುಗರೂ ಹುಡುಗಿಯರೂ ಇಬ್ಬರೂ ಇದ್ದರು. ಹಿಂಸಿಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಈ ಅಂಕಿಗಳನ್ನು ಓದಿದಾಗ ನನಗೆ 2018ನೆಯ ವರ್ಷ ನೆನಪಾಗುತ್ತದೆ. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹಬ್ಬಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾ ಎಂಬ ಹಳ್ಳಿಯಲ್ಲಿ ಭಿಕ್ಷೆಗೆ ಬಂದಿದ್ದ ಅಲೆಮಾರಿ ಜನರಲ್ಲಿ ಐವರನ್ನು ಗುಂಪು ಹೊಡೆದು ಕೊಂದಿತು. ಎರಡು ವಾರ ಕಳೆಯುವುದರೊಳಗೆ ನಮ್ಮ ಬೀದರ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟುದನ್ನೇ ನೆಪಮಾಡಿ ಹೈದರಾಬಾದಿನ ತರುಣನೊಬ್ಬನನ್ನು ಕೊಂದರು. ಆ ಗುಂಪುಗಳಲ್ಲಿದ್ದವರೂ ತಾವು ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದೇ ತಿಳಿದಿದ್ದರು. ಅಪರಿಚಿತನ ಮೇಲೆ ಬೀಳುವುದಕ್ಕೆ ಸಾವಿರ ಜನ ಕೂಡುತ್ತಾರೆ. ಪಕ್ಕದ ಖೋಲಿಯ ಪರಿಚಿತನ ವಿಷಯದಲ್ಲಿ ಒಂದು ದೂರವಾಣಿ ಮಾಡಲು ಒಬ್ಬರೂ ದೊರೆಯುವುದಿಲ್ಲ. ಸಮಾಜವು ಒಂದುಗೂಡಬೇಕೆಂದು ನಾನು ಬರೆಯುವಾಗ ಇಂಥ ಗುಂಪು ನನ್ನ ಮನಸ್ಸಿನಲ್ಲಿ ಇಲ್ಲ. ಕಂಡವನು ಹೇಳಬೇಕು, ಕೇಳಿದವನು ಬರೆದುಕೊಳ್ಳಬೇಕು, ಅಧಿಕಾರವಿದ್ದವನು ವಿಚಾರಿಸಬೇಕು, ನ್ಯಾಯಾಲಯ ತೀರ್ಮಾನಿಸಬೇಕು. ಒಬ್ಬನ ಕೆಲಸವನ್ನು ಇನ್ನೊಬ್ಬನು ಕಸಿದುಕೊಳ್ಳಕೂಡದು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಚಾಡಿ ಹೇಳುವವನು ಇನ್ನೊಬ್ಬನಿಗೆ ಪೆಟ್ಟು ಬೀಳಲಿ, ತನಗೆ ಹೊಗಳಿಕೆ ಸಿಗಲಿ ಎಂದು ಹೇಳುತ್ತಾನೆ. ಯಾರು ಕೇಳಿದರೂ ಅವನಿಗೆ ಆದೀತು. ಹತ್ತು ಜನರಿಗೆ ಹೇಳಿದಷ್ಟೂ ಅವನಿಗೆ ಸಂತೋಷ. ದೂರು ಕೊಡುವವನು ಒಬ್ಬನಿಗೆ ಬೀಳುತ್ತಿರುವ ಪೆಟ್ಟು ನಿಲ್ಲಲಿ ಎಂದು ಹೇಳುತ್ತಾನೆ. ನಿಲ್ಲಿಸಬಲ್ಲವರಿಗೆ ಮಾತ್ರ ಹೇಳುತ್ತಾನೆ. ಹೇಳುವಾಗ ಅವನಿಗೆ ಅಂಜಿಕೆಯೂ ಆಗುತ್ತದೆ. ಆ ಹುಡುಗಿ ನಡುಗುತ್ತಿದ್ದಳು. ಚಾಡಿಕೋರರು ನಡುಗಿದ್ದನ್ನು ನಾನು ಹದಿನಾಲ್ಕು ವರ್ಷಗಳ ಮಾಸ್ತರಿಕೆಯಲ್ಲಿ ಕಂಡಿಲ್ಲ!

ಕಾಯಿದೆಯೂ ಈ ಮಾತಿಗೆ ಬೆಂಬಲವಾಗಿದೆ. 2012ರ ನವೆಂಬರ್ 14ರಿಂದ ಜಾರಿಗೆ ಬಂದ ಪೋಕ್ಸೋ ಕಾಯಿದೆಯ ಪ್ರಕಾರ ಮಕ್ಕಳ ಮೇಲೆ ಲೈಂಗಿಕ ಅಪರಾಧ ನಡೆದುದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿದೂ ಮುಚ್ಚಿಟ್ಟರೆ ಅದೇ ಒಂದು ಅಪರಾಧ. ಈ ಶಿಕ್ಷೆ ದೊಡ್ಡವರಿಗೆ ಮಾತ್ರ. ಹೇಳಲಾಗದೆ ಹೋದ ಮಗುವಿಗೆ ಇಲ್ಲ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಪೊಲೀಸ್ ಅಧಿಕಾರಿ ಸಮವಸ್ತ್ರವಿಲ್ಲದೆ ಮಗುವಿನ ಮನೆಗೋ ಅದು ಒಪ್ಪಿದ ಸ್ಥಳಕ್ಕೋ ಬಂದು ಹೇಳಿಕೆ ಪಡೆಯಬೇಕು. ರಾತ್ರಿಯ ವೇಳೆ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ಮಗುವಿನ ಹೆಸರು ಪತ್ರಿಕೆಗಳಲ್ಲಿ ಬರಕೂಡದು. ಏಟು, ಉಪವಾಸ, ಬಿಟ್ಟಿ ದುಡಿಮೆಗಳಂತಹ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯಿದೆಯುಂಟು. ಮಕ್ಕಳ ಕಲ್ಯಾಣ ಸಮಿತಿಗೆ ಅಧಿಕಾರ ಬಂದುದೂ ಅದರಿಂದಲೇ. ಕಾಯಿದೆಯಲ್ಲಿರುವುದೆಲ್ಲವೂ ಎಲ್ಲ ಠಾಣೆಗಳಲ್ಲಿಯೂ ನಡೆಯುತ್ತದೆಂದು ನಾನು ಭರವಸೆ ಕೊಡಲಾರೆ. ಆದುದರಿಂದಲೇ ಜೊತೆಗೆ ಹೋಗುವ ದೊಡ್ಡವರೊಬ್ಬರು ಬೇಕು.

ಹೊಡೆತದ ಮಾತು ಬಂದಿತಲ್ಲ, ನಮ್ಮ ವೃತ್ತಿಯವರ ಬಗೆಗೂ ಒಂದು ಮಾತು. ದಂಡಂ ದಶಗುಣಂ ಎನ್ನುತ್ತ ಬೆಳೆದವರು ನಾವು. ಊರಿನ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮುಗಿಸುವವರೆಗೆ ನನ್ನ ಅಂಗೈ ಎಷ್ಟು ಛಡಿಗಳನ್ನು ಕಂಡಿತ್ತೋ ಲೆಕ್ಕವಿಲ್ಲ. ನಾನೂ ಮೊದಲ ಎರಡು ವರ್ಷ ಛಡಿ ಹಿಡಿದವನೇ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಪೀಡನೆಯನ್ನೂ ನಿಷೇಧಿಸಿದೆ. ಶಾಲೆಯಲ್ಲಿ ಏಟು ತಿನ್ನುವ ಮಗುವು ಮನೆಯ ಏಟನ್ನು ಹೇಳಿಕೊಳ್ಳಲು ಶಾಲೆಗೆ ಬಂದೀತೇ? ನನ್ನಂಥವರು ಮೊದಲು ಕೈಯಲ್ಲಿಯ ಛಡಿಯನ್ನು ಬಿಡಬೇಕಾಯಿತು. ಆಮೇಲೆಯೇ ಆ ಹುಡುಗಿ ಬಾಗಿಲ ಬಳಿ ನಿಲ್ಲಲು ಸಾಧ್ಯವಾಯಿತು.

ನಮ್ಮ ಜನರಲ್ಲಿ ಕೆಲವರಿಗೆ ಈ ಪ್ರಸಂಗ ಹಿಡಿಸಲಿಲ್ಲ. ಪರಸ್ಥಳದಲ್ಲಿ ಕನ್ನಡಿಗರ ಹೆಸರು ಕೆಟ್ಟಿತು, ನಮ್ಮೊಳಗೇ ಮುಗಿಸಬಹುದಾಗಿತ್ತು ಎಂದರು. ನಮ್ಮೊಳಗೇ ಮುಗಿಸುವುದೆಂದರೆ ಏನೆಂಬುದನ್ನು ನಾನು ಬಲ್ಲೆ. ನಾಲ್ಕು ಜನ ಹಿರಿಯರು ಕುಳಿತು, ಚಹ ಕುಡಿದು, ಅವನಿಗೆ ಬುದ್ಧಿ ಹೇಳಿ, ಮಗುವಿಗೆ ಹೊಂದಿಕೊಂಡು ಹೋಗೆಂದು ಹೇಳಿ ಎದ್ದು ಬರುವುದು. ಒಂದು ಕಾಲದಲ್ಲಿ ಕರಾವಳಿಯಿಂದ ಈ ನಗರದ ಹೋಟೆಲುಗಳಿಗೆ ಬಂದ ಕನ್ನಡದ ಬಾಲಕರಿಗಾಗಿ ಇಲ್ಲಿಯ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ಮುಂಬಯಿ ಕನ್ನಡಿಗರ ಹೆಸರು ಉಳಿದುದು ಅಂಥ ಕೆಲಸದಿಂದ. ಅದೇ ಜನರು ಇಂದು ಒಂದು ಮಗುವಿನ ಬೆನ್ನಿನ ಮೇಲಿನ ಬರೆಯನ್ನು ಮುಚ್ಚಿಟ್ಟು ಹೆಸರು ಉಳಿಸಿಕೊಳ್ಳುತ್ತೇವೆಂದರೆ ನಾನು ಒಪ್ಪಲಾರೆ.

ಆ ಹುಡುಗಿಯ ಮನೆಯವರೊಡನೆ ಚಾಳಿನಲ್ಲಿ ಎರಡು ಕುಟುಂಬಗಳು ಇಂದಿಗೂ ಮಾತನಾಡುವುದಿಲ್ಲ. ನೀರಿನ ಸರತಿಯಲ್ಲಿ ಅವಳ ಅವ್ವನಿಗೆ ಕೊಂಕು ಮಾತು ತಪ್ಪಿಲ್ಲ. ಅವಳ ಅವ್ವ ಹೇಳಬೇಡವೆಂದುದು ಏಕೆಂದು ನನಗೆ ಈಗ ಅರ್ಥವಾಗುತ್ತದೆ. ದೂರು ಕೊಟ್ಟ ಮೇಲೆ ಆ ಮನೆಯ ಜೊತೆಗೆ ನಿಲ್ಲುವುದನ್ನು ನಾವು ಮರೆತೆವು. ಹುಡುಗನು ಪಾರಾದನೆಂಬ ಸಮಾಧಾನದಲ್ಲಿ ಮನೆಗೆ ಹೋದೆವು. ಇದು ನನ್ನ ಎರಡನೆಯ ತಪ್ಪು.

ಬರುವ ಜೂನಿನಲ್ಲಿ ಶಾಲೆ ತೆರೆದ ಮೇಲೆ ಪಾಲಕರ ಸಭೆಯಲ್ಲಿ ಈ ವಿಷಯವನ್ನು ಇಡಬೇಕೆಂದು ಮುಖ್ಯಾಧ್ಯಾಪಿಕೆಯವರು ಒಪ್ಪಿದ್ದಾರೆ. ಪ್ರತಿಯೊಂದು ವಸತಿಯಿಂದ ಇಬ್ಬರು ದೊಡ್ಡವರನ್ನು, ಒಬ್ಬರು ಹೆಣ್ಣುಮಕ್ಕಳಾಗಿರಬೇಕು, ನೀವೇ ಹೆಸರಿಸಬೇಕು: ನಿಮ್ಮ ಮಾತನ್ನು ಕೇಳಿ, ನಗದೆ, ಊರೆಲ್ಲ ಸಾರದೆ, ನಿಮ್ಮೊಡನೆ ಠಾಣೆಗೋ ಸಮಿತಿಗೋ ಬರಬಲ್ಲವರೆಂದು ನಿಮಗೆ ಅನಿಸಿದವರನ್ನು. ಕನ್ನಡದ ಜೊತೆಗೆ ಮರಾಠಿ ಬಲ್ಲವರಾದರೆ ಇನ್ನೂ ಒಳ್ಳೆಯದು. ಚೀಟಿಯಲ್ಲಿ ಬರೆದು ನನ್ನ ಮೇಜಿನ ಮೇಲಿನ ಡಬ್ಬಿಯಲ್ಲಿ ಹಾಕಿರಿ. ನಿಮ್ಮ ಹೆಸರು ಬೇಕಾಗಿಲ್ಲ. ಸಭೆಯ ದಿನ ತಂದೆತಾಯಿಗಳಿಗೆ ಕೆಲಸವಿದ್ದರೆ ಮುಂಚೆಯೇ ತಿಳಿಸಿರಿ. ಒಂದು ಹಾಜರಿಯ ಕೂಲಿ ಹೋಗಬಾರದಲ್ಲವೇ? ಸಭೆಯನ್ನು ರಾತ್ರಿ ಎಂಟು ಗಂಟೆಗೆ ಇಡುತ್ತೇವೆ.